ಕಾಕ್‌ಪಿಟ್‌ನಿಂದ ರೋಬೋಟಿಕ್ಸ್ ಲ್ಯಾಬಿಗೆ: 'ಪೈಲಟ್ ದೋಷ' ಎಂಬ ಎರಡು ಪದಗಳ ಬೆನ್ನು ಹತ್ತಿ

ಕಳೆದ ಸೆಮಿಸ್ಟರಿನ ಕೊನೆಯಲ್ಲಿ ನಮ್ಮ ರೋಬೋಟಿಕ್ಸ್ ತಂಡದ ಡ್ರೋನ್ ಹಾಸ್ಟೆಲ್ ಹಿಂದಿನ ಮಳೆಮರಕ್ಕೆ ಬಡಿದು ಕೆಳಗೆ ಬಿತ್ತು. ಎರಡು ತೋಳು ಮುರಿದವು, ಕ್ಯಾಮೆರಾ ಹೋಯಿತು. ಪುಣ್ಯಕ್ಕೆ ಕೆಳಗೆ ಯಾರೂ ಇರಲಿಲ್ಲ. ರಿಮೋಟ್ ಹಿಡಿದಿದ್ದವನು ಎರಡನೇ ಸೆಮಿಸ್ಟರಿನ ಹುಡುಗ. ಅವತ್ತು ಸಂಜೆಯೇ ಡಿಪಾರ್ಟ್‌ಮೆಂಟಿಗೆ ಒಂದು ಪುಟದ ವರದಿ ಕೊಡಬೇಕಿತ್ತು. ಅದರಲ್ಲಿ 'ಕಾರಣ' ಅನ್ನೋ ಜಾಗದ ಎದುರಿಗೆ ಸೀನಿಯರ್‌ಗಳಾದ ನಾವು ಬರೆದದ್ದು ಎರಡೇ ಪದ: ಪೈಲಟ್ ದೋಷ.

"ಅಣ್ಣ, ನಾನು ಥ್ರಾಟಲ್ ಪೂರ್ತಿ ಮೇಲಕ್ಕೆ ಒತ್ತಿದ್ದೆ. ಅದು ನನ್ನ ಮಾತು ಕೇಳಲೇ ಇಲ್ಲ" ಅಂತ ಹುಡುಗ ಎರಡು ಮೂರು ಸಲ ಹೇಳಿದ. ಗಾಬರಿಯಲ್ಲಿ ಏನೋ ಹೇಳ್ತಿದ್ದಾನೆ ಅಂತ ನಾವು ಕಿವಿಗೆ ಹಾಕಿಕೊಳ್ಳಲಿಲ್ಲ. ಮುಂದಿನ ವಾರದಿಂದ ಅವನು ಲ್ಯಾಬಿಗೆ ಬರೋದು ನಿಲ್ಲಿಸಿದ.

ಈ ಲೇಖನ ಡ್ರೋನ್ ಬಗ್ಗೆ ಅಲ್ಲ, ಆದರೆ ಅಲ್ಲಿಂದಲೇ ಶುರುವಾಯಿತು. ಕನ್ನಡ ಸಂಘದ ಶನಿವಾರದ ಓದಿನ ಬಳಗದಲ್ಲಿ ಈ ಸಲ 'ವೃತ್ತಿ ಬದಲಿಸಿದ ಎಂಜಿನಿಯರ್‌ಗಳು' ಅಂತ ವಿಷಯ ಇಟ್ಟುಕೊಂಡಿದ್ದೆವು. ನಮ್ಮ ಪಾಲಿಗೆ ಬಂದವರು ಮಿಸ್ಸಿ ಕಮ್ಮಿಂಗ್ಸ್: ಅಮೆರಿಕದ ನೌಕಾಪಡೆಯ ಮೊದಲ ಮಹಿಳಾ ಫೈಟರ್ ಪೈಲಟ್‌ಗಳಲ್ಲಿ ಒಬ್ಬರು, ಈಗ ಆಟೊಮೇಶನ್ ಮತ್ತು ರೋಬೋಟಿಕ್ಸ್ ಸಂಶೋಧಕಿ. ಯುದ್ಧವಿಮಾನ ಬಿಟ್ಟು ಲ್ಯಾಬಿಗೆ ಬಂದವರ ಸಾಹಸದ ಕಥೆ ಇರಬಹುದು, ಚೆನ್ನಾಗಿ ಒಂದು ಪ್ರೆಸೆಂಟೇಶನ್ ಮಾಡಿಬಿಡೋಣ ಅಂತ ಕೂತವರು ನಾವು. ಓದುತ್ತಾ ಹೋದಂತೆ ನಮ್ಮ ಆ ಎರಡು ಪದ ಗಂಟಲಿಗೆ ಸಿಕ್ಕಿಕೊಂಡಿತು.

ಕೈ ಬಿಟ್ಟು ಹಾರುವುದು

ಕಮ್ಮಿಂಗ್ಸ್ 1988ರಲ್ಲಿ ಅಮೆರಿಕದ ನೌಕಾ ಅಕಾಡೆಮಿಯಿಂದ ಗಣಿತದಲ್ಲಿ ಪದವಿ ಪಡೆದು ಹೊರಬಂದರು. 1999ರವರೆಗೆ ನೌಕಾಪಡೆಯಲ್ಲಿದ್ದರು. ಮೊದಲು ಎ-4 ಸ್ಕೈಹಾಕ್, ಆಮೇಲೆ ಎಫ್/ಎ-18 ಹಾರ್ನೆಟ್ ಹಾರಿಸಿದರು. ಅಮೆರಿಕದಲ್ಲಿ ಮಹಿಳೆಯರಿಗೆ ಯುದ್ಧವಿಮಾನ ಹಾರಿಸಲು ಅವಕಾಶ ಸಿಕ್ಕಿದ್ದು 1993ರಲ್ಲಿ. ಅಂದರೆ ಬಾಗಿಲು ತೆರೆದ ಹೊಸದರಲ್ಲಿ ಒಳಗೆ ಕಾಲಿಟ್ಟವರು. ಒಳಗಿದ್ದವರು ಅವರನ್ನು ಹೇಗೆ ನಡೆಸಿಕೊಂಡರು ಅನ್ನೋದರ ಮೇಲೆ ಅವರೇ 1999ರಲ್ಲಿ ಒಂದು ಪುಸ್ತಕ ಬರೆದಿದ್ದಾರೆ. ಆ ಕಥೆ ದೊಡ್ಡದು, ಅದನ್ನು ಇಲ್ಲಿ ತೆಗೆಯುವುದಿಲ್ಲ.

ನಮಗೆ ಕುತೂಹಲ ಹುಟ್ಟಿಸಿದ್ದು ಹಾರ್ನೆಟ್ ವಿಮಾನ ಹಡಗಿನ ಮೇಲಿಂದ ಮೇಲೇರುವ ರೀತಿ. ವಿಮಾನವಾಹಕ ಹಡಗಿನ ಮೇಲೆ ಉದ್ದದ ರನ್‌ವೇ ಇರಲ್ಲ. ಹಾಗಾಗಿ ಉಗಿಯ ಕ್ಯಾಟಪಲ್ಟ್ ವಿಮಾನದ ಮುಂದಿನ ಗಾಲಿಯನ್ನು ಹಿಡಿದು, ಕವಣೆ ಕಲ್ಲು ಬೀಸಿದ ಹಾಗೆ, ಸುಮಾರು ಎರಡು ಸೆಕೆಂಡಿನಲ್ಲಿ ಗಂಟೆಗೆ 250 ಕಿಲೋಮೀಟರಿಗೂ ಮೀರಿದ ವೇಗಕ್ಕೆ ಎಸೆಯುತ್ತದೆ. ಆ ಎರಡು ಸೆಕೆಂಡು ಪೈಲಟ್ ಏನು ಮಾಡಬೇಕು? ಬಲಗೈಯನ್ನು ಸ್ಟಿಕ್‌ನಿಂದ ತೆಗೆದು, ಮೇಲೆ ಗಾಜಿನ ಚೌಕಟ್ಟಿಗಿರುವ ಹಿಡಿಯನ್ನು ಹಿಡಿದುಕೊಳ್ಳಬೇಕು. ಕೈ ಸ್ಟಿಕ್ ಮೇಲಿದ್ದರೆ ಆ ತಳ್ಳಿಕೆಗೆ ಕೈ ಹಿಂದಕ್ಕೆ ಹೋಗಿ, ಸ್ಟಿಕ್ ಎಳೆದುಬಿಟ್ಟು, ವಿಮಾನದ ಮೂಗು ಅಡ್ಡಾದಿಡ್ಡಿ ಏಳಬಹುದು. ಮೂಗನ್ನು ಎಷ್ಟು ಎತ್ತಬೇಕು ಅನ್ನೋದನ್ನು ಫ್ಲೈಟ್ ಕಂಟ್ರೋಲ್ ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಅಂದರೆ ಫೈಟರ್ ಪೈಲಟ್‌ನ ಜೀವನದ ಅತಿ ಅಪಾಯದ ಕ್ಷಣಗಳಲ್ಲೊಂದರಲ್ಲಿ ಅವನ ಕೆಲಸ ಏನೂ ಮುಟ್ಟದೇ ಇರೋದು!

ಈ ಕಂಪ್ಯೂಟರ್ ತನಗಿಂತ ಚೆನ್ನಾಗಿ ವಿಮಾನವನ್ನು ಏರಿಸುತ್ತೆ, ಇಳಿಸುತ್ತೆ ಅನ್ನೋದು ಅರ್ಥವಾದಾಗ ಹಾರಾಟದ ಭವಿಷ್ಯ ಎತ್ತ ಹೊರಟಿದೆ ಅಂತ ಹೊಳೆಯಿತು ಎಂದು ಕಮ್ಮಿಂಗ್ಸ್ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಜೊತೆಗೇ ಇನ್ನೊಂದು ಮಾತನ್ನೂ ಹೇಳುತ್ತಾರೆ. ಫೈಟರ್ ಹಾರಿಸಿದ ಸುಮಾರು ಮೂರು ವರ್ಷಗಳಲ್ಲಿ, ಸರಾಸರಿ ತಿಂಗಳಿಗೆ ಒಬ್ಬರಂತೆ, ಪರಿಚಯದ ಪೈಲಟ್‌ಗಳು ಅಪಘಾತದಲ್ಲಿ ತೀರಿಕೊಂಡರಂತೆ. ಯುದ್ಧದಲ್ಲಿ ಅಲ್ಲ, ದಿನನಿತ್ಯದ ಹಾರಾಟದಲ್ಲಿ. ಅವುಗಳಲ್ಲಿ ಎಷ್ಟೋ ಕಡೆ ಯಂತ್ರ ಮನುಷ್ಯನಿಗೆ ಹೊಂದುವ ಹಾಗೆ ಇರಲಿಲ್ಲ ಅನ್ನೋದು ಅವರ ಅನಿಸಿಕೆ. ಕಂಪ್ಯೂಟರ್ ತನಗಿಂತ ಜಾಣ ಅನ್ನೋದೂ ನಿಜ, ಅದೇ ಕಂಪ್ಯೂಟರ್ ಇದ್ದೂ ಗೆಳೆಯರು ಸಾಯುತ್ತಿದ್ದಾರೆ ಅನ್ನೋದೂ ನಿಜ. ಈ ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಅವರು ಓದಲು ಹೋದರು.

ಸುಮ್ಮನೆ ಹಾರಿದ್ದಲ್ಲ ಅನ್ನೋದನ್ನು ಗಮನಿಸಬೇಕು. ಸೇವೆಯಲ್ಲಿದ್ದಾಗಲೇ 1994ರಲ್ಲಿ ಬಾಹ್ಯಾಕಾಶ ವ್ಯವಸ್ಥೆಗಳ ಎಂಜಿನಿಯರಿಂಗ್‌ನಲ್ಲಿ ಸ್ನಾತಕೋತ್ತರ ಪದವಿ ಮಾಡಿಕೊಂಡಿದ್ದರು. ನೌಕಾಪಡೆ ಬಿಟ್ಟ ಮೇಲೆ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಸಿಸ್ಟಮ್ಸ್ ಎಂಜಿನಿಯರಿಂಗ್‌ನಲ್ಲಿ ಪಿಎಚ್‌ಡಿ. ಅಲ್ಲಿ ತೆಗೆದುಕೊಂಡ ಸಮಸ್ಯೆ ಟಾಮಹಾಕ್ ಕ್ಷಿಪಣಿಯದು. ಹಾರುತ್ತಿರುವಾಗಲೇ ಗುರಿ ಬದಲಿಸಬಹುದಾದ ಹೊಸ ಮಾದರಿ ಬಂದಾಗ, ಒಬ್ಬ ಮನುಷ್ಯ ಒಟ್ಟಿಗೆ ಎಷ್ಟು ಕ್ಷಿಪಣಿಗಳ ಮೇಲೆ ಕಣ್ಣಿಡಬಲ್ಲ, ಪರದೆ ಅವನಿಗೆ ಏನು ತೋರಿಸಬೇಕು ಅನ್ನೋದು. ಆಮೇಲೆ ಎಂಐಟಿಯಲ್ಲಿ 'ಮನುಷ್ಯರು ಮತ್ತು ಆಟೊಮೇಶನ್' ಎಂಬ ಹೆಸರಿನ ಲ್ಯಾಬ್, ಮುಂದೆ ಡ್ಯೂಕ್, ಈಗ ಜಾರ್ಜ್ ಮೇಸನ್ ವಿಶ್ವವಿದ್ಯಾಲಯ.

ಚಕ್ರದ ಆಕಾರದ ಹಿಡಿ

ಕಮ್ಮಿಂಗ್ಸ್ ಹೊಕ್ಕ ಕ್ಷೇತ್ರಕ್ಕೆ ಅಡಿಪಾಯ ಹಾಕಿದ ಒಂದು ಘಟನೆಯನ್ನು ಇಲ್ಲಿ ಹೇಳಲೇಬೇಕು. ಎರಡನೇ ಮಹಾಯುದ್ಧದ ಹೊತ್ತಿಗೆ ಬಿ-17 ಬಾಂಬರ್‌ಗಳು ಸುರಕ್ಷಿತವಾಗಿ ನೆಲಕ್ಕಿಳಿದ ಮೇಲೆ ಪೈಲಟ್‌ಗಳು ಗಾಲಿಗಳನ್ನು ಮಡಚಿಬಿಡುತ್ತಿದ್ದರು. ವಿಮಾನ ಹೊಟ್ಟೆಯ ಮೇಲೆ ಕೂತುಬಿಡುತ್ತಿತ್ತು. ವರದಿಗಳಲ್ಲಿ 'ಪೈಲಟ್ ದೋಷ'. ಆಲ್ಫಾನ್ಸ್ ಚಪಾನಿಸ್ ಎಂಬ ಮನೋವಿಜ್ಞಾನಿ ಕಾಕ್‌ಪಿಟ್ ಹೊಕ್ಕು ನೋಡಿದರೆ, ಗಾಲಿಯ ಸ್ವಿಚ್ಚೂ ರೆಕ್ಕೆಯ ಫ್ಲಾಪ್‌ನ ಸ್ವಿಚ್ಚೂ ಅಕ್ಕಪಕ್ಕ, ಮುಟ್ಟಿದರೆ ಎರಡೂ ಒಂದೇ ಥರ! ಇಳಿದ ಮೇಲೆ ಫ್ಲಾಪ್ ಮಡಚಬೇಕಾದ ಸುಸ್ತಾದ ಕೈ ಪಕ್ಕದ ಸ್ವಿಚ್ ಎಳೆಯುತ್ತಿತ್ತು. ಅವರು ಮಾಡಿದ್ದಿಷ್ಟೇ: ಗಾಲಿಯ ಹಿಡಿಗೆ ಪುಟ್ಟ ಚಕ್ರದ ಆಕಾರ, ಫ್ಲಾಪ್‌ನ ಹಿಡಿಗೆ ರೆಕ್ಕೆಯ ತುಂಡಿನ ಆಕಾರ. ಕತ್ತಲಲ್ಲಿ ಮುಟ್ಟಿದರೂ ಕೈಗೆ ಗೊತ್ತಾಗಬೇಕು. ಇವತ್ತಿಗೂ ಪ್ರಯಾಣಿಕ ವಿಮಾನದ ಕಾಕ್‌ಪಿಟ್ ಫೋಟೋ ನೋಡಿ, ಗಾಲಿಯ ಲಿವರ್ ತುದಿಯಲ್ಲಿ ಚಕ್ರ ಇರುತ್ತದೆ.

1947ರಲ್ಲಿ ಫಿಟ್ಸ್ ಮತ್ತು ಜೋನ್ಸ್ ಇದನ್ನೇ ದೊಡ್ಡದಾಗಿ ಮಾಡಿದರು. ಪೈಲಟ್‌ಗಳು ಕಂಟ್ರೋಲ್ ಬಳಸುವಾಗ ಮಾಡಿದ 460 ತಪ್ಪುಗಳ ವಿವರ ಕೂಡಿಸಿ ವಿಂಗಡಿಸಿದರು. ಸುಮಾರು ಅರ್ಧದಷ್ಟು ತಪ್ಪುಗಳು ಒಂದು ಕಂಟ್ರೋಲ್ ಬದಲು ಇನ್ನೊಂದನ್ನು ಹಿಡಿದದ್ದು. ಇಷ್ಟೊಂದು ಜನ, ಬೇರೆ ಬೇರೆ ಕಡೆ, ಒಂದೇ ತಪ್ಪು ಮಾಡುತ್ತಿದ್ದಾರೆ ಅಂದರೆ ತಪ್ಪು ಜನರಲ್ಲಿದೆಯಾ, ಡ್ಯಾಶ್‌ಬೋರ್ಡಿನಲ್ಲಿದೆಯಾ?

ಆದರೆ ಸ್ವಿಚ್ಚುಗಳ ಕಾಲದ ಉಪಾಯ ಕಂಪ್ಯೂಟರ್ ಕಾಲಕ್ಕೆ ಸಾಲದು. ಸ್ವಿಚ್ಚನ್ನು ಮುಟ್ಟಿ ನೋಡಬಹುದು, ಸಾಫ್ಟ್‌ವೇರಿನ ಮೋಡ್ ಅನ್ನು ಮುಟ್ಟಿ ನೋಡೋಕಾಗಲ್ಲ. ಇದರ ಅತಿ ನೋವಿನ ಉದಾಹರಣೆ ನಮ್ಮ ಬೆಂಗಳೂರಿನಲ್ಲೇ ಇದೆ. 1990ರ ಫೆಬ್ರವರಿ 14, ಇಂಡಿಯನ್ ಏರ್‌ಲೈನ್ಸ್‌ನ 605ನೇ ವಿಮಾನ ಮುಂಬಯಿಯಿಂದ ಬಂದು ಎಚ್‌ಎಎಲ್ ವಿಮಾನ ನಿಲ್ದಾಣದಲ್ಲಿ ಇಳಿಯುವುದರಲ್ಲಿತ್ತು. ಏರ್‌ಬಸ್ ಎ320, ಆ ಸಂಸ್ಥೆಗೆ ಬಂದು ವರ್ಷವೂ ಆಗಿರದ ಹೊಸ ಮಾದರಿ. ಹಗಲು ಹೊತ್ತು, ಹವೆ ಚೆನ್ನಾಗಿತ್ತು. ವಿಮಾನ ರನ್‌ವೇ ಮುಟ್ಟುವ ಮೊದಲೇ ಗಾಲ್ಫ್ ಮೈದಾನದ ಮೇಲೆ ಕುಸಿಯಿತು. 146 ಜನರಲ್ಲಿ 92 ಜನ ತೀರಿಕೊಂಡರು.

ವಿಮಾನ 'ಓಪನ್ ಡಿಸೆಂಟ್' ಎಂಬ ಮೋಡ್‌ನಲ್ಲಿತ್ತು. ಈ ಮೋಡ್‌ನಲ್ಲಿ ಎಂಜಿನ್‌ಗಳು ಐಡಲ್‌ನಲ್ಲೇ ಇರುತ್ತವೆ, ವೇಗ ಉಳಿಯಬೇಕಾದರೆ ಮೂಗು ತಗ್ಗಬೇಕು. ಎತ್ತರದಿಂದ ಕೆಳಗೆ ಬರುವಾಗ ಇದು ಸರಿ, ರನ್‌ವೇ ಹತ್ತಿರ ಬಂದಾಗ ಇರಬೇಕಾದ ಮೋಡ್ ಅಲ್ಲ. ವೇಗವನ್ನು ಯಂತ್ರ ಕಾಯುತ್ತಿದೆ ಅನ್ನೋ ನಂಬಿಕೆಯಲ್ಲಿ ಪೈಲಟ್‌ಗಳು ಇದ್ದರು, ಯಂತ್ರ ಕಾಯುತ್ತಿರಲಿಲ್ಲ. ಕೊನೆಗೆ ಪೂರ್ತಿ ಶಕ್ತಿ ಕೊಟ್ಟಾಗ ಎಂಜಿನ್‌ಗಳು ವೇಗ ಹಿಡಿಯಲು ಸಮಯ ಉಳಿದಿರಲಿಲ್ಲ. ಎಷ್ಟು ರಭಸದಲ್ಲಿ ಇಳಿಯಬೇಕು ಅನ್ನೋದನ್ನು ತಿರುಗಿಸುವ ಗುಂಡಿಯ ಬದಲು ಪಕ್ಕದ, ಎತ್ತರ ಹೇಳುವ ಗುಂಡಿ ತಿರುಗಿಸಿರಬಹುದು ಅನ್ನೋದು ತನಿಖೆ ಮುಂದಿಟ್ಟ ಒಂದು ಸಾಧ್ಯತೆ. ಬಿ-17ರ ಅಕ್ಕಪಕ್ಕದ ಸ್ವಿಚ್ಚುಗಳು ನೆನಪಾಗಲ್ವಾ? ತನಿಖೆಯ ಅಂತಿಮ ಮಾತು ಮಾತ್ರ ಪೈಲಟ್‌ಗಳು ಪರಿಸ್ಥಿತಿ ಅರಿಯುವಲ್ಲಿ ಸೋತರು ಅನ್ನೋ ಕಡೆಗೇ ಬಂತು. ಮೋಡ್ ಯಾವುದು ಅಂತ ವಿಮಾನ ಹೇಳುತ್ತಿರಲಿಲ್ಲವೇ? ಹೇಳುತ್ತಿತ್ತು, ಪರದೆಯ ಮೇಲ್ತುದಿಯಲ್ಲಿ ಸಣ್ಣ ಅಕ್ಷರಗಳಲ್ಲಿ.

ಎರಡು ವರ್ಷದ ನಂತರ, 1992ರ ಜನವರಿಯಲ್ಲಿ, ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ಹತ್ತಿರ ಇನ್ನೊಂದು ಎ320 ಬೆಟ್ಟಕ್ಕೆ ಬಡಿದು 87 ಜನ ಸತ್ತರು. ಅಲ್ಲಿ ಒಂದೇ ಕಿಟಕಿಯಲ್ಲಿ, ಮೋಡ್‌ಗೆ ತಕ್ಕಂತೆ, 3.3 ಡಿಗ್ರಿ ಇಳಿಜಾರು ಅಂತಲೂ ತೋರಿಸುತ್ತಿತ್ತು, ನಿಮಿಷಕ್ಕೆ 3300 ಅಡಿ ಇಳಿತವನ್ನು ಬರೀ 33 ಅಂತಲೂ ತೋರಿಸುತ್ತಿತ್ತು. ಬಹುಶಃ ಒಂದನ್ನು ಇನ್ನೊಂದು ಅಂದುಕೊಂಡರು. ಆಮೇಲೆ ತಯಾರಕರು ಆ ಅಂಕಿ ತೋರಿಸುವ ರೀತಿಯನ್ನೇ ಬದಲಿಸಿದರು. ಬರೀ ಪೈಲಟ್ ದೋಷ ಆಗಿದ್ದಿದ್ದರೆ ಪರದೆ ಬದಲಿಸೋದು ಯಾಕೆ ಬೇಕಿತ್ತು ಅಂತ ನಮ್ಮ ಬಳಗದಲ್ಲಿ ಒಬ್ಬಳು ಕೇಳಿದಳು. ಯಾರೂ ಉತ್ತರ ಕೊಡಲಿಲ್ಲ. ಎಲ್ಲರಿಗೂ ಮಳೆಮರ ನೆನಪಾಗಿತ್ತು.

ಅದೇ ವಾರ ನಾವು ಡ್ರೋನಿನ ಲಾಗ್ ಫೈಲ್ ತೆಗೆದು ನೋಡಿದೆವು. ಮೊದಲೇ ನೋಡಬೇಕಿತ್ತು, ನೋಡಿರಲಿಲ್ಲ. ನಮ್ಮದು ಆರ್ಡುಪೈಲಟ್ ಹಾಕಿದ ಸಾಧಾರಣ ಕ್ವಾಡ್‌ಕಾಪ್ಟರ್. ಹುಡುಗ 'ಲಾಯ್ಟರ್' ಮೋಡ್‌ನಲ್ಲಿ ಸುಮಾರು 12 ಮೀಟರ್ ಎತ್ತರದಲ್ಲಿ ಸರಿಯಾಗಿಯೇ ಹಾರಿಸುತ್ತಿದ್ದ. ಬ್ಯಾಟರಿ ವೋಲ್ಟೇಜ್ ನಾವು ಇಟ್ಟಿದ್ದ ಮಿತಿಗಿಂತ ಕೆಳಗೆ ಬಂದ ತಕ್ಷಣ ಫೇಲ್‌ಸೇಫ್ ಎದ್ದು ಡ್ರೋನ್ ತಾನಾಗಿಯೇ 'ಆರ್‌ಟಿಎಲ್'ಗೆ, ಅಂದರೆ ಹೊರಟ ಜಾಗಕ್ಕೆ ವಾಪಸ್ ಬರುವ ಮೋಡ್‌ಗೆ, ಹೋಯಿತು. ಆ ಮೋಡ್‌ನಲ್ಲಿ ವಾಪಸ್ ಬರುವ ಎತ್ತರ 15 ಮೀಟರ್. ನಾವು ಮುಟ್ಟದೇ ಬಿಟ್ಟಿದ್ದ ಡೀಫಾಲ್ಟ್ ಬೆಲೆ ಅದು. ಮಳೆಮರ ಅದಕ್ಕಿಂತ ಎತ್ತರ. ಡ್ರೋನ್ ಮೂರು ಮೀಟರ್ ಏರಿ, ನೇರ ಗೆರೆಯಲ್ಲಿ ಮನೆ ಕಡೆ ಹೊರಟಿತು, ಮಧ್ಯೆ ಮರ.

ಲಾಗ್‌ನಲ್ಲಿ ಥ್ರಾಟಲ್‌ನ ಗೆರೆ ಕೊನೆಯ ಸೆಕೆಂಡುಗಳಲ್ಲಿ ಪೂರ್ತಿ ಮೇಲಕ್ಕೆ ಹೋಗಿ ಅಲ್ಲೇ ನಿಂತಿದೆ. ಹುಡುಗ ಹೇಳಿದ್ದು ಅಕ್ಷರಶಃ ನಿಜ. ವಾಪಸ್ ಬರುವ ಹಂತದಲ್ಲಿ ಆ ಮೋಡ್ ಥ್ರಾಟಲ್ ಅನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಇನ್ನೂ ಒಂದು ವಿಷಯ ಇದೆ. ಅವನ ಕೈಯಲ್ಲಿದ್ದ ರಿಮೋಟಿನ ಮೋಡ್ ಸ್ವಿಚ್ ಆಗಲೂ 'ಲಾಯ್ಟರ್' ಜಾಗದಲ್ಲೇ ಇತ್ತು. ಡ್ರೋನ್ ತಾನಾಗಿ ಮೋಡ್ ಬದಲಿಸಿದರೆ ಸ್ವಿಚ್ ತಾನಾಗಿ ತಿರುಗಲ್ಲವಲ್ಲ! ವಾಪಸ್ ಹತೋಟಿ ಬೇಕಾದರೆ ಸ್ವಿಚ್ಚನ್ನು ಬೇರೆ ಮೋಡ್‌ಗೆ ಹಾಕಬೇಕು. ಲಾಯ್ಟರ್ರೇ ಬೇಕಿದ್ದರೆ ಒಮ್ಮೆ ಬೇರೆ ಕಡೆ ತಿರುಗಿಸಿ ಮತ್ತೆ ಅಲ್ಲಿಗೇ ತರಬೇಕು. ಇದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮೋಡ್ ಬದಲಾದದ್ದನ್ನು ಲ್ಯಾಪ್‌ಟಾಪ್ ಪರದೆ ತೋರಿಸುತ್ತಿತ್ತು. ಆ ಲ್ಯಾಪ್‌ಟಾಪ್ ಬಿಸಿಲು ಬೀಳುತ್ತೆ ಅಂತ ಹಿಂದೆ ನೆರಳಿನಲ್ಲಿ ಕೂತಿದ್ದ ನಮ್ಮ ತೊಡೆ ಮೇಲಿತ್ತು. ಸೌಂಡ್ ಮ್ಯೂಟ್.

ಸಿಮ್ಯುಲೇಟರಿನಲ್ಲಿ ಅದೇ ಪರಿಸ್ಥಿತಿ ಹಾಕಿ, ಯಾವಾಗ ಬರುತ್ತೆ ಅಂತ ಗೊತ್ತಾಗದ ಹಾಗೆ ಮಾಡಿ, ನಾವು ನಾಲ್ಕು ಜನ ಸೀನಿಯರ್‌ಗಳು ಒಬ್ಬೊಬ್ಬರಾಗಿ ಕೂತೆವು. ಆಗುವುದೇನು ಅಂತ ಮುಂಚೆಯೇ ಗೊತ್ತಿದ್ದೂ, ಇಬ್ಬರು ಮರ ಇರಬೇಕಾದ ಜಾಗಕ್ಕೆ ಹೋಗಿ ಗುದ್ದಿದೆವು.

ಅನಿಸಿಕೆಗೊಂದು ಅಂಕ

ಹಾಗಾದರೆ ಹಾರಿಸಿದ ಅನುಭವ ಇದ್ದವರು ಸಂಶೋಧನೆಗೆ ಬಂದರೆ ಸಾಕಾ? ಸಾಲದು ಅಂತ ನಮ್ಮ ತೀರ್ಮಾನ. ಇದಕ್ಕೆ ಕಮ್ಮಿಂಗ್ಸ್‌ಗಿಂತ ಹಳೆಯ ಒಬ್ಬರ ಉದಾಹರಣೆ ಕೊಡುತ್ತೇವೆ. ಜಾರ್ಜ್ ಕೂಪರ್ ಎರಡನೇ ಮಹಾಯುದ್ಧದಲ್ಲಿ ಪಿ-47 ಫೈಟರ್ ಹಾರಿಸಿದವರು. ಯುದ್ಧ ಮುಗಿದ ಮೇಲೆ ಕ್ಯಾಲಿಫೋರ್ನಿಯಾದ ಏಮ್ಸ್ ಸಂಶೋಧನಾ ಕೇಂದ್ರದಲ್ಲಿ ಟೆಸ್ಟ್ ಪೈಲಟ್ ಆದರು. ಅಲ್ಲಿ ಅವರಿಗೆ ಎದುರಾದ ತೊಂದರೆ ಮಾತಿನದು. ಒಬ್ಬ ಪೈಲಟ್ ಇಳಿದು ಬಂದು 'ಇದು ಸ್ವಲ್ಪ ಒರಟು' ಅಂತಾನೆ, ಇನ್ನೊಬ್ಬ 'ಪರವಾಗಿಲ್ಲ' ಅಂತಾನೆ. ಎಂಜಿನಿಯರ್ ಇದನ್ನಿಟ್ಟುಕೊಂಡು ಏನು ಮಾಡಬೇಕು? ಗೇನ್ ಹೆಚ್ಚಿಸಬೇಕಾ, ಕಡಿಮೆ ಮಾಡಬೇಕಾ?

ಕೂಪರ್ 1957ರಲ್ಲಿ ಒಂದು ಅಂಕಪಟ್ಟಿ ಮಾಡಿದರು. 1969ರಲ್ಲಿ ಕಾರ್ನೆಲ್ ಪ್ರಯೋಗಾಲಯದ ರಾಬರ್ಟ್ ಹಾರ್ಪರ್ ಜೊತೆ ಸೇರಿ ಅದನ್ನು ತಿದ್ದಿದರು. ಅದೇ ಕೂಪರ್-ಹಾರ್ಪರ್ ಮಾಪಕ. 1ರಿಂದ 10ರವರೆಗೆ ಅಂಕ, 1 ಅತ್ಯುತ್ತಮ. ಆದರೆ ಸೀದಾ ಅಂಕ ಕೊಡುವ ಹಾಗಿಲ್ಲ, ಮೆಟ್ಟಿಲು ಹತ್ತಿದ ಹಾಗೆ ಪ್ರಶ್ನೆಗಳಿಗೆ ಉತ್ತರಿಸುತ್ತಾ ಹೋಗಬೇಕು. ಹತೋಟಿಯಲ್ಲಿ ಇಟ್ಟುಕೊಳ್ಳಲು ಆಯಿತಾ? ಇಲ್ಲ ಅಂದರೆ 10, ವಿನ್ಯಾಸ ಬದಲಿಸಲೇಬೇಕು. ಆಯಿತು ಅಂದರೆ, ತಾಳಿಕೊಳ್ಳಬಹುದಾದ ಶ್ರಮದಲ್ಲಿ ಕೆಲಸ ಸಾಕಷ್ಟು ಚೆನ್ನಾಗಿ ಆಯಿತಾ? ಇಲ್ಲ ಅಂದರೆ 7ರಿಂದ 9. ಆಯಿತು ಅಂದರೆ, ಏನೂ ತಿದ್ದದೇ ಹೀಗೇ ಬಿಡಬಹುದಾ? ಹೌದಾದರೆ ಮಾತ್ರ 1ರಿಂದ 3, ಇಲ್ಲದಿದ್ದರೆ 4ರಿಂದ 6.

ಇದರಲ್ಲಿ ಒಂದು ಸೂಕ್ಷ್ಮ ಇದೆ ನೋಡಿ. ಪೈಲಟ್ ತನಗೆ ಅಂಕ ಕೊಟ್ಟುಕೊಳ್ಳುತ್ತಿಲ್ಲ, ವಿಮಾನಕ್ಕೆ ಕೊಡುತ್ತಿದ್ದಾನೆ. ಗುರಿಗೆ ಮುಟ್ಟಿಸಿದ, ಆದರೆ ಬೆವರು ಕಿತ್ತುಬಂತು ಅಂದರೆ ಅದು ಪೈಲಟ್‌ನ ಜಾಣ್ಮೆಗೆ ಒಳ್ಳೆಯ ಅಂಕ ಅಲ್ಲ, ವಿಮಾನಕ್ಕೆ ಕೆಟ್ಟ ಅಂಕ. ನಾವು ಕಾಲೇಜಿನಲ್ಲಿ ಇದನ್ನು ತಿರುಗಾಮುರುಗಾ ಮಾಡುತ್ತೇವೆ. ಕೆಟ್ಟ ಸೆಟಪ್‌ನಲ್ಲೂ ಹೇಗೋ ಹಾರಿಸುವವನನ್ನು 'ಹುಲಿ' ಅಂತ ಹೊಗಳಿ, ಸೆಟಪ್ಪನ್ನು ಹಾಗೇ ಬಿಡುತ್ತೇವೆ.

2006ರಲ್ಲಿ ಕಮ್ಮಿಂಗ್ಸ್ ಮತ್ತು ಜೊತೆಗಾರರು ಇದೇ ಮಾಪಕವನ್ನು ಮಾನವರಹಿತ ವಾಹನಗಳ ಪರದೆಗಳಿಗೆ ತಕ್ಕಂತೆ ಬದಲಿಸಿದರು. ಸ್ಟಿಕ್ ಎಷ್ಟು ಒರಟು ಅನ್ನೋದರ ಬದಲು, ಬೇಕಾದ ಮಾಹಿತಿ ಪರದೆಯಲ್ಲಿ ಸಿಗುತ್ತಾ, ಅದನ್ನು ಅರ್ಥ ಮಾಡಿಕೊಳ್ಳಲು ಪರದೆ ನೆರವಾಗುತ್ತಾ, ಅದನ್ನು ನೋಡಿ ನಿರ್ಧಾರ ಮಾಡಲು ಆಗುತ್ತಾ ಅನ್ನೋ ಪ್ರಶ್ನೆಗಳು. ಫೈಟರ್ ಹಾರಿಸಿದ ಒಬ್ಬರು ಕಟ್ಟಿದ್ದನ್ನು, ಅರ್ಧ ಶತಮಾನದ ನಂತರ ಫೈಟರ್ ಹಾರಿಸಿದ ಇನ್ನೊಬ್ಬರು ರೋಬೋಟ್‌ಗೆ ಒಗ್ಗಿಸಿದ್ದು. ನಾವು ನಾಲ್ವರೂ ಈ ಪ್ರಶ್ನೆಗಳನ್ನು ಇಟ್ಟುಕೊಂಡು ನಮ್ಮ ರಿಮೋಟ್ ಮತ್ತು ಲ್ಯಾಪ್‌ಟಾಪ್ ಜೋಡಿಗೆ ಅಂಕ ಕೊಟ್ಟೆವು. ಯಾರೂ 7ಕ್ಕಿಂತ ಕಡಿಮೆ ಕೊಡಲಿಲ್ಲ. ಗುದ್ದಿದ ಇಬ್ಬರು 10 ಕೊಟ್ಟರು, ಅದರಲ್ಲಿ ಸ್ವಲ್ಪ ಸಿಟ್ಟೂ ಇತ್ತು ಅನ್ನಿ.

ಕಾಕ್‌ಪಿಟ್‌ನ ಅನುಭವ ಎಷ್ಟೇ ಆಳವಾದರೂ ಲೆಕ್ಕದಲ್ಲಿ ಅದು ಒಂದೇ ಸ್ಯಾಂಪಲ್. ಲ್ಯಾಬ್ ಅದನ್ನು ಸುಳ್ಳು ಮಾಡಬಹುದು, ಮಾಡಿದಾಗ ಒಪ್ಪಿಕೊಳ್ಳಬೇಕು. ಎಂಐಟಿಯಲ್ಲಿ ಕಮ್ಮಿಂಗ್ಸ್ ತಂಡ ಬೇಸರದ ಮೇಲೊಂದು ಪ್ರಯೋಗ ಮಾಡಿತು. ನಾಲ್ಕು ಗಂಟೆ ಕಾಲ ಸಿಮ್ಯುಲೇಟರಿನಲ್ಲಿ ನಾಲ್ಕು ಡ್ರೋನ್‌ಗಳನ್ನು ನೋಡಿಕೊಳ್ಳಬೇಕು, ಬಹುಪಾಲು ಹೊತ್ತು ಏನೂ ಕೆಲಸ ಇರಲ್ಲ. ಯಾವ ಪೈಲಟ್‌ನನ್ನು ಕೇಳಿದರೂ 'ಕಣ್ಣು ಮಿಟುಕಿಸದೆ ನೋಡ್ತಾ ಇರಬೇಕು' ಅಂತಾನೆ. ಅತಿ ಹೆಚ್ಚು ಗಮನ ಇಟ್ಟವರಿಗೇ ಮೊದಲ ಸ್ಥಾನ ಬಂತು ನಿಜ. ಆದರೆ ಅವರ ಹಿಂದೆಯೇ, ಹೆಚ್ಚುಕಡಿಮೆ ಅಷ್ಟೇ ಅಂಕ ಪಡೆದವರು, ಸುಮಾರು ಶೇಕಡ 30ರಷ್ಟು ಹೊತ್ತು ಫೋನ್ ನೋಡುತ್ತಾ, ಪುಸ್ತಕ ಓದುತ್ತಾ, ತಿಂಡಿಗೆ ಎದ್ದು ಹೋಗುತ್ತಾ ಇದ್ದವರು! ಗಂಟೆಗಟ್ಟಲೆ ಏನೂ ಆಗದ ಪರದೆಯನ್ನು ದಿಟ್ಟಿಸುವುದು ಮನುಷ್ಯನಿಗೆ ಆಗದ ಕೆಲಸ. ಹಾಗಾಗಿ 'ಶಿಸ್ತು ಬೇಕು' ಅನ್ನುವ ಬದಲು, ಮಧ್ಯೆ ಮಧ್ಯೆ ಅವನಿಗೆ ಮಾಡಲು ಏನಾದರೂ ಕೊಡಿ ಅನ್ನುವ ಕಡೆಗೆ ಸಂಶೋಧನೆ ಹೊರಳಿತು. (ಕ್ಲಾಸಿನಲ್ಲಿ ಫೋನ್ ನೋಡಲು ಇದನ್ನು ಪುರಾವೆಯಾಗಿ ಬಳಸಬೇಡಿ. ನಮ್ಮಲ್ಲೊಬ್ಬ ಪ್ರಯತ್ನಿಸಿದ, ಕೆಲಸ ಮಾಡಲಿಲ್ಲ.)

ಲಿಸಾನ್ ಬೈನ್‌ಬ್ರಿಜ್ 1983ರಲ್ಲೇ ಇದನ್ನು ಒಂದು ಚಿಕ್ಕ ಪ್ರಬಂಧದಲ್ಲಿ ಬರೆದಿದ್ದರು. ಸುಲಭದ ಕೆಲಸವನ್ನೆಲ್ಲ ಯಂತ್ರಕ್ಕೆ ಕೊಟ್ಟು, ಯಂತ್ರಕ್ಕೂ ಆಗದ ಕ್ಷಣದಲ್ಲಿ ಮಾತ್ರ ಮನುಷ್ಯನನ್ನು ಕರೆಯುತ್ತೇವೆ. ಅಷ್ಟರಲ್ಲಿ ಅವನಿಗೆ ಅಭ್ಯಾಸವೇ ತಪ್ಪಿರುತ್ತದೆ. 2009ರ ಜೂನ್ 1ರಂದು ಏರ್ ಫ್ರಾನ್ಸ್ 447ನೇ ವಿಮಾನದಲ್ಲಿ ಆದದ್ದು ಇದೇ. ವೇಗ ಅಳೆಯುವ ಕೊಳವೆಗಳಲ್ಲಿ ಮಂಜು ಕಟ್ಟಿ ಆಟೊಪೈಲಟ್ ಕೈಬಿಟ್ಟಿತು. ಸುಮಾರು ನಾಲ್ಕೂವರೆ ನಿಮಿಷದಲ್ಲಿ ವಿಮಾನ ಅಟ್ಲಾಂಟಿಕ್ ಸೇರಿತು, 228 ಜನ ಸತ್ತರು.

ಇದೇ ಪ್ರಶ್ನೆ ಈಗ ರಸ್ತೆಗೆ ಬಂದಿದೆ. 2016ರಲ್ಲಿ ಕಮ್ಮಿಂಗ್ಸ್ ಅಮೆರಿಕದ ಸೆನೆಟ್ ಸಮಿತಿಯ ಮುಂದೆ, ಸ್ವಯಂಚಾಲಿತ ಕಾರುಗಳು ಇನ್ನೂ ಸಿದ್ಧವಾಗಿಲ್ಲ, ಪರೀಕ್ಷೆ ಬಿಗಿಯಾಗಬೇಕು ಅಂತ ಹೇಳಿದರು. 2018ರ ಮಾರ್ಚ್ 18ರಂದು ಅರಿಜೋನಾದ ಟೆಂಪಿಯಲ್ಲಿ ಉಬರ್‌ನ ಪರೀಕ್ಷಾ ಕಾರು ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಗೆ ಗುದ್ದಿತು, ಅವರು ತೀರಿಕೊಂಡರು. ತನಿಖೆಯ ಪ್ರಕಾರ ಕಾರಿನ ಸೆನ್ಸರ್ 5.6 ಸೆಕೆಂಡು ಮುಂಚೆಯೇ ಅವರನ್ನು ಕಂಡಿತ್ತು, ಆದರೆ ಒಮ್ಮೆ ವಾಹನ, ಒಮ್ಮೆ ಸೈಕಲ್, ಒಮ್ಮೆ ಬೇರೇನೋ ಅಂತ ಗುರುತು ಬದಲಿಸುತ್ತಾ ಇತ್ತು. ಕಾರಿನ ಸ್ವಂತ ತುರ್ತು ಬ್ರೇಕ್ ವ್ಯವಸ್ಥೆಯನ್ನು ಆಫ್ ಮಾಡಿ ಇಡಲಾಗಿತ್ತು. ಚಾಲಕ ಸೀಟಿನಲ್ಲಿ ಮೇಲ್ವಿಚಾರಣೆಗೆ ಕೂತಿದ್ದವರು ಫೋನ್ ನೋಡುತ್ತಿದ್ದರು. ಕ್ರಿಮಿನಲ್ ಕೇಸ್ ಬಿದ್ದದ್ದು ಆ ಒಬ್ಬರ ಮೇಲೆ ಮಾತ್ರ. ಅವರದು ತಪ್ಪಿಲ್ಲ ಅಂತ ನಾವು ಹೇಳುತ್ತಿಲ್ಲ. ಆದರೆ ಬೇಸರದ ಪ್ರಯೋಗ ಓದಿದ ಮೇಲೆ, ಆ ಸೀಟನ್ನು ಹಾಗೆ ವಿನ್ಯಾಸ ಮಾಡಿದವರ ಹೆಸರು ಯಾವ ಕಾಲಂನಲ್ಲಿ ಬರಬೇಕು ಅಂತ ಕೇಳದೇ ಇರೋಕಾಗಲ್ಲ. 2021ರಲ್ಲಿ ಕಮ್ಮಿಂಗ್ಸ್ ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆಗೆ ಸಲಹೆಗಾರರಾಗಿ ನೇಮಕವಾದಾಗ, ಟೆಸ್ಲಾ ಅಭಿಮಾನಿಗಳು ಅವರ ವಿರುದ್ಧ ಸಹಿ ಸಂಗ್ರಹಿಸಿದರು. ಕಾಕ್‌ಪಿಟ್ ಬಿಟ್ಟರೆ ನೆಮ್ಮದಿ ಅಂದುಕೊಂಡಿದ್ದರೆ ಅದು ಸಿಕ್ಕ ಹಾಗೆ ಕಾಣುವುದಿಲ್ಲ.

ನಮ್ಮ ಊರಿನಲ್ಲಿ

ಇದು ಅಮೆರಿಕದ ಕಥೆ ಮಾತ್ರ ಅಂದುಕೊಳ್ಳಬೇಡಿ. 605ನೇ ವಿಮಾನ ಮುಟ್ಟಲಾಗದ ಅದೇ ಎಚ್‌ಎಎಲ್ ರನ್‌ವೇಯಿಂದ 2001ರ ಜನವರಿ 4ರಂದು ತೇಜಸ್ ಮೊದಲ ಸಲ ಹಾರಿತು, ಹಾರಿಸಿದವರು ವಾಯುಪಡೆಯ ಟೆಸ್ಟ್ ಪೈಲಟ್ ರಾಜೀವ್ ಕೊಥಿಯಾಲ್. ತೇಜಸ್ ಬೇಕಂತಲೇ ಅಸ್ಥಿರವಾಗಿ ಕಟ್ಟಿದ ವಿಮಾನ, ಕಂಪ್ಯೂಟರ್ ಇಲ್ಲದೆ ಮನುಷ್ಯ ಅದನ್ನು ಹಾರಿಸಲು ಆಗುವುದೇ ಇಲ್ಲ. ಹಾಗಾಗಿ ಅದರ ಕಂಟ್ರೋಲ್ ನಿಯಮಗಳನ್ನು ಬರೆದ ಎಂಜಿನಿಯರ್‌ಗಳ ಪಕ್ಕದಲ್ಲಿ ಟೆಸ್ಟ್ ಪೈಲಟ್‌ಗಳು ಹಾರುವುದಕ್ಕೆ ವರ್ಷಗಳ ಮೊದಲೇ ಸಿಮ್ಯುಲೇಟರಿನಲ್ಲಿ ಕೂತಿದ್ದರು. ವಾಯುಪಡೆಯ ಟೆಸ್ಟ್ ಪೈಲಟ್‌ಗಳು ತಯಾರಾಗುವುದೂ ಬೆಂಗಳೂರಿನಲ್ಲೇ. ಶುಭಾಂಶು ಶುಕ್ಲಾ ಕೂಡ ಅಂಥ ಟೆಸ್ಟ್ ಪೈಲಟ್, ನಮ್ಮ ಐಐಎಸ್‌ಸಿಯಲ್ಲಿ ಎಂ.ಟೆಕ್ ಓದಿದವರು. 2025ರ ಜೂನ್‌ನಲ್ಲಿ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದಾಗ ಅವರ ಹುದ್ದೆಯ ಹೆಸರು ಪೈಲಟ್. ನೌಕೆ ನಿಲ್ದಾಣಕ್ಕೆ ಸೇರಿಕೊಂಡದ್ದು ಮಾತ್ರ ತಾನಾಗಿಯೇ. ಯಂತ್ರ ಈಗ ಏನು ಮಾಡುತ್ತಿದೆ, ಮುಂದೆ ಏನು ಮಾಡಲಿದೆ ಅಂತ ಪರದೆ ನೋಡಿ ತಿಳಿಯುವುದು ಅವರ ಕೆಲಸದ ದೊಡ್ಡ ಪಾಲು.

ನಮ್ಮ ಡ್ರೋನಿಗೆ ಬರುತ್ತೇವೆ. ವಾಪಸ್ ಬರುವ ಎತ್ತರವನ್ನು 30 ಮೀಟರ್ ಮಾಡಿದ್ದೇವೆ. ಮೋಡ್ ತಾನಾಗಿ ಬದಲಾದರೆ ಹಾರಿಸುವವನ ಕೈಯಲ್ಲಿರುವ ರಿಮೋಟೇ ಮಾತಾಡುವ ಹಾಗೆ ಮಾಡಿದ್ದೇವೆ, ಹಿಂದೆ ಕೂತವರ ಲ್ಯಾಪ್‌ಟಾಪ್ ಅಲ್ಲ. ಹೊಸಬರು ರಿಮೋಟ್ ಮುಟ್ಟುವ ಮುಂಚೆ ಸಿಮ್ಯುಲೇಟರಿನಲ್ಲಿ ಫೇಲ್‌ಸೇಫ್‌ನಿಂದ ಹತೋಟಿ ವಾಪಸ್ ತೆಗೆದುಕೊಳ್ಳಲು ಕಲಿಯಬೇಕು. ವರದಿಯನ್ನು ಹೊಸದಾಗಿ ಬರೆದೆವು. 'ಕಾರಣ' ಎದುರಿಗೆ ಈಗ ನಾಲ್ಕು ಸಾಲುಗಳಿವೆ, ಮೊದಲ ಮೂರರಲ್ಲಿ ನಮ್ಮ ಹೆಸರಿದೆ. ಸರ್ ಓದಿ, "ಇಷ್ಟುದ್ದ ಯಾಕ್ರಯ್ಯಾ, ಮೊದಲಿನದೇ ಸರಿ ಇತ್ತಲ್ಲ" ಅಂದರು. ಇನ್ನೂ ಸಹಿ ಮಾಡಿಲ್ಲ.

ಲಾಗ್‌ನ ಪ್ರಿಂಟ್ ಹಿಡಿದುಕೊಂಡು ಹುಡುಗನ ರೂಮಿಗೆ ಹೋಗಿದ್ದೆವು. ಥ್ರಾಟಲ್ ಗೆರೆಯನ್ನು ತೋರಿಸಿದೆವು, ನೀನು ಹೇಳಿದ್ದು ಸರಿ ಇತ್ತು ಕಣೋ, ನಾವು ಕೇಳಬೇಕಿತ್ತು ಅಂದೆವು. ಅವನು ಸ್ವಲ್ಪ ಹೊತ್ತು ಆ ಗೆರೆ ನೋಡಿದ. ಆಮೇಲೆ, "ಅಣ್ಣ, ಮೋಡ್ ಬದಲಾದಾಗ ರಿಮೋಟ್ ವೈಬ್ರೇಟ್ ಆಗೋ ಹಾಗೂ ಮಾಡಬಹುದಾ? ಗಾಳಿ ಸದ್ದಿಗೆ ಮಾತು ಕೇಳಿಸಲ್ಲ" ಅಂದ. ಆ ಕೆಲಸ ಈಗ ಅವನೇ ಮಾಡುತ್ತಿದ್ದಾನೆ.